ಎರಡು ಚಿತ್ರ, ಒಂದೇ ಬಿಂದು

ಕೇಳುಗರೇ, ಕೈ ಮುಂದೆ ಚಾಚಿ ಹೆಬ್ಬೆರಳು ನೆಟ್ಟಗೆ ಹಿಡಿಯಿರಿ. ಮೊದಲು ಬಲಗಣ್ಣು ಮುಚ್ಚಿ ನೋಡಿ, ಆಮೇಲೆ ಎಡಗಣ್ಣು. ಹಿಂದಿನ ಗೋಡೆಯ ಮೇಲೆ ಬೆರಳು ಪಕ್ಕಕ್ಕೆ ಜಿಗಿದ ಹಾಗೆ ಕಾಣುತ್ತದೆ. ಬೆರಳನ್ನು ಹತ್ತಿರ ತಂದಷ್ಟೂ ಜಿಗಿತ ದೊಡ್ಡದು. ಇದಕ್ಕೆ ಪ್ಯಾರಲಾಕ್ಸ್ ಎನ್ನುತ್ತಾರೆ. ಉಪಗ್ರಹದ ಚಿತ್ರಗಳಿಂದ ನೆಲದ ಎತ್ತರ ಅಳೆಯುವುದು ಇದೇ ಲೆಕ್ಕದಲ್ಲಿ. ಆದರೆ ಅಳೆಯುವ ಮುಂಚೆ ಒಂದು ಕೆಲಸ ಮುಗಿಯಬೇಕು. ಎಡಚಿತ್ರದ ಈ ಬಿಂದು ಬಲಚಿತ್ರದಲ್ಲಿ ಎಲ್ಲಿದೆ ಎಂದು ಹುಡುಕಬೇಕು. ಆ ಹುಡುಕಾಟ ಕಂಪ್ಯೂಟರಿನಲ್ಲಿ ಹೇಗೆ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಈ ಹೊತ್ತಿನ ವಿಷಯ.

ಕಾರ್ಟೋಸ್ಯಾಟ್-1 ಉಪಗ್ರಹವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ಇದನ್ನು ಕಕ್ಷೆಗೆ ಏರಿಸಿತು. ಅದರಲ್ಲಿ ಎರಡು ಕಪ್ಪು-ಬಿಳುಪು ಕ್ಯಾಮೆರಾ. ಒಂದು 26 ಡಿಗ್ರಿ ಮುಂದಕ್ಕೆ, ಇನ್ನೊಂದು 5 ಡಿಗ್ರಿ ಹಿಂದಕ್ಕೆ ವಾಲಿದ್ದವು. ಮೊದಲನೆಯದು ಕಂಡ ನೆಲವನ್ನೇ ಸುಮಾರು 52 ಸೆಕೆಂಡಿನ ನಂತರ ಎರಡನೆಯದು ಕಾಣುತ್ತಿತ್ತು. ಈ ಎರಡು ನೋಟಗಳನ್ನೇ ಎಡಚಿತ್ರ, ಬಲಚಿತ್ರ ಎನ್ನುತ್ತಿದ್ದೇವೆ. ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಸುಮಾರು ಎರಡೂವರೆ ಮೀಟರ್. ಎರಡು ನೋಟಗಳ ನಡುವಿನ ದೂರವನ್ನು ಉಪಗ್ರಹದ ಎತ್ತರದಿಂದ ಭಾಗಿಸಿದರೆ ಬರುವ ಅನುಪಾತ 0.62. ಮುಂದಿನ ಲೆಕ್ಕಗಳೆಲ್ಲ ಈ ಒಂದು ಸಂಖ್ಯೆಯ ಮೇಲೆ ನಿಂತಿವೆ. ನೆಲ ಒಂದು ಮೀಟರ್ ಏರಿದರೆ ಎರಡು ಚಿತ್ರಗಳ ನಡುವೆ ಬಿಂದು ನೆಲದ ಅಳತೆಯಲ್ಲಿ 0.62 ಮೀಟರ್ ಸರಿಯುತ್ತದೆ. ಹಾಗಾದರೆ ಒಂದು ಪಿಕ್ಸೆಲ್ ತಪ್ಪಿದರೆ ಎತ್ತರದಲ್ಲಿ ನಾಲ್ಕು ಮೀಟರ್ ತಪ್ಪು.

ಒಂದು ಚಿತ್ರದಲ್ಲಿ ಸುಮಾರು 12,000 ಸಾಲು, ಸಾಲಿಗೆ 12,000 ಪಿಕ್ಸೆಲ್, ಅಂದರೆ ಹದಿನಾಲ್ಕು ಕೋಟಿಗೂ ಮೀರಿದ ಬಿಂದುಗಳು. ಕೈಯಲ್ಲಿ ಗುರುತಿಸುವ ಮಾತೇ ಇಲ್ಲ.

ತಂತ್ರಾಂಶ ಹೀಗೆ ಮಾಡುತ್ತದೆ. ಎಡಚಿತ್ರದ ಬಿಂದುವಿನ ಸುತ್ತ 15ಕ್ಕೆ 15 ಪಿಕ್ಸೆಲ್‌ನ ಒಂದು ಚೌಕ ಕತ್ತರಿಸಿಕೊಳ್ಳುತ್ತದೆ. ಅದನ್ನು ಬಲಚಿತ್ರದ ಮೇಲೆ ಒಂದೊಂದೇ ಪಿಕ್ಸೆಲ್ ಸರಿಸುತ್ತ, ಪ್ರತಿ ಜಾಗದಲ್ಲೂ ಎರಡು ಚೌಕಗಳು ಎಷ್ಟು ಹೋಲುತ್ತವೆ ಎಂದು ಅಂಕ ಹಾಕುತ್ತದೆ. ಇದೇ ಕೋರಿಲೇಷನ್ ಅಂಕ. ಪೂರ್ತಿ ಹೋಲಿದರೆ 1, ಸಂಬಂಧವೇ ಇಲ್ಲದಿದ್ದರೆ ಸೊನ್ನೆಯ ಆಸುಪಾಸು, ಕಪ್ಪು ಬಿಳಿಯಾಗಿ ತಿರುಗಿದ್ದರೆ ಮೈನಸ್ 1. ಅಂಕ ಹಾಕುವ ಮುಂಚೆ ಪ್ರತಿ ಚೌಕದ ಸರಾಸರಿ ಬೆಳಕನ್ನು ಕಳೆದು, ಅದರ ಏರಿಳಿತದಿಂದ ಭಾಗಿಸುತ್ತಾರೆ. ಯಾಕೆಂದರೆ ಎರಡು ಕ್ಯಾಮೆರಾಗಳಿಗೆ ಒಂದೇ ಬಂಡೆ ಒಂದೇ ಹೊಳಪಿನಲ್ಲಿ ಕಾಣುವುದಿಲ್ಲ. ಒಂದರಲ್ಲಿ 40, 60, 80 ಎಂದಿದ್ದದ್ದು ಇನ್ನೊಂದರಲ್ಲಿ 90, 130, 170 ಆಗಿರಬಹುದು. ಈ ಭಾಗಾಕಾರ ಆದಮೇಲೆ ಅಂಕ ಸರಿಯಾಗಿ 1 ಬರುತ್ತದೆ.

ಹುಡುಕುವ ಜಾಗವನ್ನು ಮೊದಲೇ ಕಿರಿದು ಮಾಡಿಕೊಳ್ಳಬೇಕು. ಚಿತ್ರದ ಜೊತೆ ಬರುವ ಆರ್‌ಪಿಸಿ ಫೈಲಿನಲ್ಲಿ 80 ಗುಣಾಂಕಗಳಿರುತ್ತವೆ. ನೆಲದ ಅಕ್ಷಾಂಶ, ರೇಖಾಂಶ, ಎತ್ತರ ಕೊಟ್ಟರೆ ಅದು ಯಾವ ಪಿಕ್ಸೆಲ್ ಎಂದು ಅವು ಹೇಳುತ್ತವೆ. ಆದರೆ ಅದನ್ನೊಂದೇ ನಂಬಿದರೆ ಹತ್ತಾರು ಮೀಟರ್ ಅಥವಾ ಅದಕ್ಕೂ ಹೆಚ್ಚು ವ್ಯತ್ಯಾಸ ಬರಬಹುದು. ಅದಕ್ಕೇ ನಾಲ್ಕು ಮೂಲೆಗಳಲ್ಲೂ ನಡುವೆಯೂ ಜಿಪಿಎಸ್‌ನಲ್ಲಿ ಅಳೆದ ನೆಲಬಿಂದುಗಳನ್ನು ಕೊಟ್ಟು ಸರಿಪಡಿಸಿ, ಎರಡೂ ಚಿತ್ರಗಳನ್ನು ಪ್ಯಾರಲಾಕ್ಸ್ ಒಂದೇ ಸಾಲಿನ ಉದ್ದಕ್ಕೆ ಬರುವಂತೆ ಮರುಜೋಡಿಸುತ್ತಾರೆ. ಆಮೇಲೆ ಹುಡುಕಾಟ ಒಂದೇ ದಿಕ್ಕಿಗೆ. ಇಲ್ಲಿ ಅಡ್ಡ ದಿಕ್ಕಿನ ಉಳಿಕೆ ತಪ್ಪು ಒಂದು ಪಿಕ್ಸೆಲ್‌ಗಿಂತ ಕಡಿಮೆ ಇರಲೇಬೇಕು. ಮೂರು ಪಿಕ್ಸೆಲ್ ಉಳಿದಿದ್ದರೆ ಮುಂದೆ ಏನು ಮಾಡಿದರೂ ಚಿತ್ರದ ಉದ್ದಗಲಕ್ಕೂ ಅಂಕ ಕುಸಿಯುತ್ತದೆ. ಅನೇಕರು ಚೌಕದ ಗಾತ್ರ ಬದಲಿಸುತ್ತ ಹೊತ್ತು ಕಳೆಯುತ್ತಾರೆ. ದೋಷ ಇರುವುದು ಈ ಮೊದಲ ಹೆಜ್ಜೆಯಲ್ಲಿ.

ಪಶ್ಚಿಮ ಘಟ್ಟದ ಒಂದು ಚಿತ್ರದಲ್ಲಿ ತಪ್ಪಲಿಗೂ ನೆತ್ತಿಗೂ ಸಾವಿರ ಮೀಟರ್ ಅಂತರ ಸಾಮಾನ್ಯ. ಸಾವಿರ ಮೀಟರಿಗೆ 620 ಮೀಟರ್ ಪ್ಯಾರಲಾಕ್ಸ್, ಅಂದರೆ 248 ಪಿಕ್ಸೆಲ್. ಪ್ರತಿ ಬಿಂದುವಿಗೂ 248 ಜಾಗ ಹುಡುಕಿದರೆ ಹೊತ್ತು ಹಾಳಾಗುವುದಿರಲಿ, ತಪ್ಪು ಜೋಡಿ ಸಿಗುವ ಅವಕಾಶವೂ ಅಷ್ಟೇ ಬೆಳೆಯುತ್ತದೆ. ಅದಕ್ಕೆ ಚಿತ್ರವನ್ನು ಅರ್ಧ, ಕಾಲು, ಎಂಟನೇ ಒಂದು, ಹದಿನಾರನೇ ಒಂದು ಎಂದು ಕುಗ್ಗಿಸುತ್ತ ಹೋಗುತ್ತಾರೆ. ಹದಿನಾರನೇ ಒಂದರಲ್ಲಿ 248 ಪಿಕ್ಸೆಲ್ ಇದ್ದದ್ದು ಹದಿನಾರಕ್ಕಿಂತ ಕೆಳಗೆ ಇಳಿಯುತ್ತದೆ. ಅಲ್ಲಿ ಸಿಕ್ಕ ಉತ್ತರವನ್ನು ಎರಡರಿಂದ ಗುಣಿಸಿ ಮುಂದಿನ ಹಂತಕ್ಕೆ ಕೊಟ್ಟರೆ, ಅಲ್ಲಿ ಆಚೀಚೆ ಎರಡು ಮೂರು ಪಿಕ್ಸೆಲ್ ಹುಡುಕಿದರೆ ಸಾಕು. ಒಂದು ಅಪಾಯ ಇದೆ. ಮೇಲಿನ ಹಂತದಲ್ಲಿ ಆದ ತಪ್ಪು ಕೆಳಗಿಳಿಯುತ್ತ ದೊಡ್ಡದಾಗುತ್ತದೆ. ಹಾಗಾಗಿ ಪ್ರತಿ ಹಂತದ ಕೊನೆಗೂ ಜರಡಿ ಹಿಡಿಯಬೇಕು.

ಪೂರ್ಣ ಪಿಕ್ಸೆಲ್‌ನ ಉತ್ತರ ಸಾಲದು, ಅದಕ್ಕೆ ನಾಲ್ಕು ಮೀಟರಿನ ಬೆಲೆ ಎಂದೆವಲ್ಲ. ಅತಿ ಹೆಚ್ಚು ಅಂಕ ಬಂದ ಜಾಗ ಮತ್ತು ಅದರ ಎರಡು ನೆರೆಯವನ್ನು ಹಿಡಿದು ಪ್ಯಾರಾಬೊಲ ಎಂಬ ಬಾಗಿದ ಗೆರೆ ಎಳೆಯುತ್ತಾರೆ. ಬೇಕಾದವರು ಬರೆದುಕೊಳ್ಳಿ. ಎಡಕ್ಕೆ 0.82, ನಡುವೆ 0.90, ಬಲಕ್ಕೆ 0.86. ಅಂಕದ ನಿಜವಾದ ಶಿಖರ ನಡುವಿನಿಂದ ಬಲಕ್ಕೆ 0.17 ಪಿಕ್ಸೆಲ್ ದೂರದಲ್ಲಿದೆ. ನೆಲದಲ್ಲಿ 42 ಸೆಂಟಿಮೀಟರ್, ಎತ್ತರದಲ್ಲಿ ಸುಮಾರು 70 ಸೆಂಟಿಮೀಟರ್. ಈ ವಿಧಾನಕ್ಕೆ ಪೂರ್ಣ ಸಂಖ್ಯೆಗಳ ಕಡೆ ವಾಲುವ ಚಟ ಇದೆ. ಸಪಾಟು ಇಳಿಜಾರಿನಲ್ಲಿ ನಾಲ್ಕು ನಾಲ್ಕು ಮೀಟರಿಗೆ ಮೆಟ್ಟಿಲು ಕಂಡರೆ ಅದು ನೆಲದ್ದಲ್ಲ, ಲೆಕ್ಕದ್ದು. ಆಗ ಲೀಸ್ಟ್ ಸ್ಕ್ವೇರ್ಸ್ ಹೊಂದಾಣಿಕೆಗೆ ಹೋಗಬೇಕು. ಅದು ಚೌಕವನ್ನು ಸರಿಸುವುದಷ್ಟೇ ಅಲ್ಲ, ಹಿಗ್ಗಿಸಿ ವಾಲಿಸಿಯೂ ನೋಡುತ್ತದೆ. ನಿಧಾನ, ಆದರೆ ಉತ್ತರ ನಯ.

ಈಗ ಮುಖ್ಯ ಮಾತು. ಕೋರಿಲೇಷನ್ ತಂತ್ರಾಂಶ ಗೊತ್ತಿಲ್ಲ ಎಂದು ತಾನಾಗಿ ಹೇಳುವುದಿಲ್ಲ. ಎಲ್ಲ ಅಂಕಗಳೂ ಕೆಟ್ಟದಾಗಿದ್ದರೂ ಅವುಗಳಲ್ಲಿ ಒಂದು ದೊಡ್ಡದಿರುತ್ತದೆ, ಅದನ್ನೇ ಉತ್ತರ ಎಂದು ಕೊಡುತ್ತದೆ. ಯಾವುದನ್ನು ಎಸೆಯಬೇಕೆಂದು ನಾವೇ ಹೇಳಬೇಕು.

ಕೆರೆ ನೀರನ್ನು ನೋಡಿ. ಚೌಕದೊಳಗೆ ಏರಿಳಿತವೇ ಇಲ್ಲ. ಸೊನ್ನೆಗೆ ಹತ್ತಿರದ ಸಂಖ್ಯೆಯಿಂದ ಭಾಗಿಸಿದಾಗ ಕ್ಯಾಮೆರಾದ ನಾಯ್ಸ್, ಅಂದರೆ ಗೊತ್ತುಗುರಿಯಿಲ್ಲದ ಸಣ್ಣ ಏರುಪೇರೇ ವಿನ್ಯಾಸವಾಗಿ ಕಾಣುತ್ತದೆ, ತುಂಗಭದ್ರಾ ಜಲಾಶಯದ ಮೇಲೆ ಗುಡ್ಡ, ಗುಂಡಿ ಏಳುತ್ತವೆ. ಕಾರ್ಟೋಸ್ಯಾಟ್ ಚಿತ್ರದಲ್ಲಿ ಬೆಳಕಿನ ಬೆಲೆ 0ಯಿಂದ 1023ರವರೆಗೆ. ಚೌಕದೊಳಗೆ ಈ ಬೆಲೆಯ ಏರಿಳಿತ ನಾಲ್ಕೈದಕ್ಕಿಂತ ಕಡಿಮೆ ಇದ್ದರೆ ಹುಡುಕಲೇಬೇಡ ಎಂದು ಮಿತಿ ಹಾಕಿ. ಹಂಪಿಯ ಬಂಡೆಗಳಲ್ಲಿ ಈ ತೊಂದರೆ ಇಲ್ಲ. ಅಂಥ ನೆಲದಲ್ಲಿ ಕೋರಿಲೇಷನ್ ಹಬ್ಬ ಮಾಡುತ್ತದೆ.

ತಿಪಟೂರು ಕಡೆಯ ತೆಂಗಿನ ತೋಟಗಳದ್ದು ಬೇರೆ ಕಾಟ. ಮರದಿಂದ ಮರಕ್ಕೆ ಏಳೂವರೆ ಮೀಟರ್, ಅಂದರೆ ಮೂರು ಪಿಕ್ಸೆಲ್. ಸಾಲು ಸಾಲೂ ಒಂದೇ ಥರ. ಒಂದು ಸಾಲು ಆಚೆಗೆ ಜೋಡಿಸಿದರೂ ಅಂಕ 0.85 ಬರಬಹುದು, ಎತ್ತರ ಮಾತ್ರ ಹನ್ನೆರಡು ಮೀಟರ್ ತಪ್ಪು. ಇಲ್ಲಿ ಅಂಕದ ಮಿತಿ ಏರಿಸಿ ಪ್ರಯೋಜನವಿಲ್ಲ. ಅಂಕದ ಮೊದಲ ಶಿಖರಕ್ಕೂ ಎರಡನೆಯದಕ್ಕೂ ಸಾಕಷ್ಟು ಅಂತರ ಇದೆಯೇ ಎಂದು ನೋಡಬೇಕು. ಇಲ್ಲವಾದರೆ ಎರಡನ್ನೂ ಬಿಡಬೇಕು.

ಕಡಿದಾದ ಇಳಿಜಾರಿನಲ್ಲಿ ಚೌಕದ ಗಾತ್ರವೇ ಶತ್ರು. ಉಪಗ್ರಹದ ಹಾದಿಯ ದಿಕ್ಕಿಗೆ 30 ಡಿಗ್ರಿ ಏರುವ ಗುಡ್ಡದಲ್ಲಿ 15 ಪಿಕ್ಸೆಲ್ ಚೌಕದ ಒಂದು ತುದಿಯಿಂದ ಇನ್ನೊಂದಕ್ಕೆ ನೆಲ ಇಪ್ಪತ್ತೊಂದು ಮೀಟರಿಗೂ ಹೆಚ್ಚು ಏರುತ್ತದೆ. ಎರಡು ತುದಿಗಳ ಪ್ಯಾರಲಾಕ್ಸ್‌ನಲ್ಲಿ ಐದು ಪಿಕ್ಸೆಲ್ ವ್ಯತ್ಯಾಸ. ನಡುವನ್ನು ಹೊಂದಿಸಿದರೆ ಅಂಚು ತಪ್ಪುತ್ತದೆ, ಅಂಕ 0.6ಕ್ಕೂ ಇಳಿಯಬಹುದು. ಚೌಕವನ್ನು 7ಕ್ಕೆ 7 ಪಿಕ್ಸೆಲ್‌ಗೆ ಇಳಿಸಿದರೆ ಈ ತೊಂದರೆ ಕಡಿಮೆ, ಆದರೆ 225 ಪಿಕ್ಸೆಲ್ ಬದಲು 49ರ ಸಾಕ್ಷಿ ಮಾತ್ರ ಉಳಿಯುತ್ತದೆ. ಹೆಚ್ಚು ಫಲ ಕೊಡುವ ದಾರಿ ಎಂದರೆ, ಒರಟಾದ ಹಳೆಯ ಎತ್ತರ ನಕ್ಷೆಯ ಮೇಲೆ ಎರಡೂ ಚಿತ್ರಗಳನ್ನು ಮೊದಲು ಹಾಸಿ, ಉಳಿದ ಸಣ್ಣ ವ್ಯತ್ಯಾಸವನ್ನಷ್ಟೇ ಹುಡುಕುವುದು. ಇಸ್ರೋದ ಭುವನ್ ಜಾಲತಾಣದಲ್ಲಿ ಉಚಿತವಾಗಿ ಸಿಗುವ, 30 ಮೀಟರಿಗೊಂದು ಬಿಂದುವಿನ ಕಾರ್ಟೋಡೆಮ್ ಎತ್ತರ ನಕ್ಷೆ ಇದಕ್ಕೆ ಸಾಕು.

ಎರಡು ನೋಟಗಳ ನಡುವಿನ 52 ಸೆಕೆಂಡಿನಲ್ಲಿ ನೆರಳು ಸರಿಯುವುದು ಲೆಕ್ಕಕ್ಕಿಲ್ಲ. ಹೆದ್ದಾರಿಯ ಬಸ್ಸು ಅಷ್ಟರಲ್ಲಿ ಎಂಟುನೂರು ಮೀಟರ್ ದಾಟಿರುತ್ತದೆ, ಆದರೆ ನಾಲ್ಕೈದು ಪಿಕ್ಸೆಲ್‌ನ ಅದರ ಮಾತು 225ರ ನಡುವೆ ನಡೆಯದು. ಮೋಡ ಹಾಗಲ್ಲ. ಅದು ಗಾಳಿಗೆ ತೇಲಿರುತ್ತದೆ, ಜೊತೆಗೆ ಅದಕ್ಕೇ ಎರಡು ಸಾವಿರ ಮೀಟರ್ ಎತ್ತರವಿದ್ದರೆ ಪ್ಯಾರಲಾಕ್ಸ್ 1,240 ಮೀಟರ್. ಹುಡುಕುವ ವ್ಯಾಪ್ತಿಯನ್ನು ಆ ಸೀಮೆಯ ನಿಜವಾದ ಎತ್ತರಗಳಿಗೆ ಕಟ್ಟಿಹಾಕಿದ್ದರೆ ಮೋಡ ತಾನಾಗಿ ಹೊರಗುಳಿಯುತ್ತದೆ.

ಜರಡಿಗಳಲ್ಲಿ ನಂಬಿಕೆಗೆ ಅರ್ಹವಾದದ್ದು ಹಿಮ್ಮುಖ ಪರೀಕ್ಷೆ. ಎಡದಿಂದ ಬಲಕ್ಕೆ ಸಿಕ್ಕ ಬಿಂದುವಿನಿಂದ ಹೊರಟು ಬಲದಿಂದ ಎಡಕ್ಕೆ ಹುಡುಕಿ. ಹೊರಟ ಜಾಗಕ್ಕೆ ಒಂದೆರಡು ಪಿಕ್ಸೆಲ್ ಒಳಗೆ ಬರದಿದ್ದರೆ ಅಳಿಸಿ. ಕಡಿದಾದ ಗುಡ್ಡದ ಮರೆಗೆ ಹೋಗಿ ಒಂದೇ ಕ್ಯಾಮೆರಾಗೆ ಕಂಡ ಜಾಗಗಳು ಬಹುಮಟ್ಟಿಗೆ ಇಲ್ಲೇ ಸಿಕ್ಕಿಬೀಳುತ್ತವೆ. ಅಂಕದ ಮಿತಿ 0.7 ಇಟ್ಟು ಇದನ್ನು ನಡೆಸುವುದು, ಮಿತಿಯನ್ನು 0.9ಕ್ಕೆ ಏರಿಸಿ ಇದನ್ನು ಬಿಡುವುದಕ್ಕಿಂತ ಮೇಲು.

ಇಷ್ಟಾದ ಮೇಲೆ ನಕ್ಷೆಯಲ್ಲಿ ತೂತುಗಳು ಉಳಿಯುತ್ತವೆ. ಕೆರೆಗಳಿಗೆ ದಂಡೆಯ ಎತ್ತರ ನೋಡಿ ಒಂದೇ ಮಟ್ಟ ಕೊಡಿ. ಸಣ್ಣ ತೂತುಗಳನ್ನು ಸುತ್ತಲಿನ ಬಿಂದುಗಳಿಂದ ತುಂಬಿಸಿ. ಕಾಡಿನಲ್ಲಿ ಸಿಕ್ಕಿರುವುದು ಮರದ ತಲೆಯ ಎತ್ತರ, ನೆಲದ್ದಲ್ಲ ಎಂದು ಗುರುತು ಹಾಕಿ. ತುಂಬಿಸಿದ ಜಾಗಗಳನ್ನು ತೋರಿಸುವ ಒಂದು ಪದರವನ್ನು ಬೇರೆಯಾಗಿ ಉಳಿಸಿ, ನಕ್ಷೆಯ ಜೊತೆಗೇ ಕೊಡಿ. ಕಾಲುವೆಗೆ ಇಳಿಜಾರು ಹಾಕುವ ಎಂಜಿನಿಯರು ಯಾವ ಎತ್ತರ ಅಳೆದದ್ದು, ಯಾವುದು ತುಂಬಿಸಿದ್ದು ಎಂದು ಮೊದಲು ಅದನ್ನೇ ತೆರೆದು ನೋಡಬೇಕಾಗುತ್ತದೆ.