ಸಾಲಕ್ಕೂ ಸ್ಯಾಂಕ್ಷನ್, ಶಿಕ್ಷೆಗೂ ಸ್ಯಾಂಕ್ಷನ್

ಕೇಳುಗರಿಗೆ ನಮಸ್ಕಾರ.

ನಮ್ಮ ಪಕ್ಕದ ಮನೆಯ ಹುಡುಗಿ ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ. ಲಾಯರ್ ಆಗುವ ಆಸೆ. ಅದಕ್ಕೇ ಕ್ಲ್ಯಾಟ್ ಬರೆಯುತ್ತಾಳೆ. ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್‌ಗೆ, ದೇಶದ ಅಂಥ ಇನ್ನೂ ಹಲವು ಕಾಲೇಜುಗಳಿಗೆ ಈ ಪರೀಕ್ಷೆ ಬರೆದೇ ಸೇರಬೇಕು.

ಮೊನ್ನೆ ಒಂದು ದಪ್ಪ ನೋಟ್‌ಬುಕ್ ಹಿಡಿದು ಬಂದಳು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಅರ್ಥ. ದಿನಕ್ಕೆ 30 ಪದ ಬಾಯಿಪಾಠ. "ಯಾವುದು ಬೇಕಾದ್ರೂ ಕೇಳಿ ಸರ್" ಅಂದಳು. ನಾನು "ಸ್ಯಾಂಕ್ಷನ್" ಅಂದೆ.

"ಅಯ್ಯೋ, ಅದು ಗೊತ್ತಿಲ್ವಾ? ಮಂಜೂರಾತಿ. ಹೋದ ವರ್ಷ ಅಪ್ಪನ ಹೌಸಿಂಗ್ ಲೋನ್ ಸ್ಯಾಂಕ್ಷನ್ ಆಯ್ತಲ್ಲ!"

ಅಲ್ಲೇ ಇದ್ದ ಇಂಗ್ಲಿಷ್ ಪೇಪರ್ ತೆಗೆದು, ರಷ್ಯಾ ಮೇಲೆ ಹೇರಿದ ಸ್ಯಾಂಕ್ಷನ್ ಬಗ್ಗೆ ಇದ್ದ ಸುದ್ದಿ ತೋರಿಸಿದೆ. ಓದಿ ತಲೆ ಕೆರೆದುಕೊಂಡಳು. "ಅಂದ್ರೆ ರಷ್ಯಾಕ್ಕೂ ಲೋನ್ ಕೊಟ್ರಾ ಸರ್?"

ನಗಬೇಡಿ. ಅವಳ ನೋಟ್‌ಬುಕ್ಕಿನ ಪ್ರಕಾರ ಅವಳು ಹೇಳಿದ್ದು ಸರಿಯೇ. ಒಂದೇ ಪದ, ಒಂದು ಕಡೆ ಒಪ್ಪಿಗೆ, ಇನ್ನೊಂದು ಕಡೆ ನಿರ್ಬಂಧ. ಲ್ಯಾಟಿನ್‌ನಲ್ಲಿ ಇದರ ಬೇರು ಪವಿತ್ರ ಎನ್ನುವ ಅರ್ಥದ ಪದಕ್ಕೆ ಅಂಟಿಕೊಂಡಿದೆ. ಪವಿತ್ರವಾದ ಕಟ್ಟಳೆ ಒಪ್ಪಿಗೆಯನ್ನೂ ಕೊಡುತ್ತದೆ, ಮೀರಿದವನಿಗೆ ದಂಡವನ್ನೂ ಹಾಕುತ್ತದೆ. ಎರಡರಲ್ಲಿ ಯಾವುದು ಅಂತ ಹೇಳುವುದು ವಾಕ್ಯ ಮಾತ್ರ.

ಕ್ಲ್ಯಾಟ್ ಕೇಳುವುದೂ ಅದನ್ನೇ. 2020ರಿಂದ ಪ್ರಶ್ನೆಗಳು ಓದುಭಾಗದ ಮೇಲೆ ಬರುತ್ತಿವೆ. ಇಂಗ್ಲಿಷ್ ವಿಭಾಗದಲ್ಲಿ ಸುಮಾರು 450 ಪದಗಳ ಒಂದೊಂದು ಭಾಗ ಕೊಡುತ್ತಾರೆ. ಈ ಪದಕ್ಕೆ ಇಲ್ಲಿ ಏನರ್ಥ ಅಂತ ಕೇಳುತ್ತಾರೆ. 'ಇಲ್ಲಿ' ಎನ್ನುವುದನ್ನು ಗಮನಿಸಿ. ಒಟ್ಟು 120 ಪ್ರಶ್ನೆ, ಸಮಯ 2 ಗಂಟೆ. ತಪ್ಪಾದರೆ ಕಾಲು ಅಂಕ ಕಟ್. ಸುಮ್ನೆ ಊಹೆ ಮಾಡಿ ಗುರುತು ಹಾಕುವ ಹಾಗಿಲ್ಲ.

ಹಾಗಾದರೆ ಪದ ಕಲಿಯುವುದೇ ಬೇಡವಾ? ಬೇಕು. ಒಂಟಿ ಪದ ಬೇಡ, ಅದರ ಮನೆಮಂದಿಯನ್ನೆಲ್ಲ ಒಟ್ಟಿಗೆ ಪರಿಚಯ ಮಾಡಿಕೊಳ್ಳಬೇಕು. ಇದು ಕನ್ನಡದವರಿಗೆ ಹೊಸದೇನಲ್ಲ. ಆಹಾರ, ವಿಹಾರ, ಪರಿಹಾರ, ಪ್ರಹಾರ, ಸಂಹಾರ. ಹಿಂದೆ ಅಂಟಿರುವ 'ಹಾರ' ಒಂದೇ, ಮುಂದಿನ ತುಂಡು ಬದಲಾದರೆ ಊಟ ಹೋಗಿ ಹೊಡೆತ ಬರುತ್ತದೆ! ಇಂಗ್ಲಿಷಿನಲ್ಲಿ ಲ್ಯಾಟಿನ್‌ನಿಂದ ಬಂದ 'ಡಿಕ್ಟ್' ತೆಗೆದುಕೊಳ್ಳಿ. ಹೇಳು ಅಂತ ಅರ್ಥ. ಮುಂಚೆಯೇ ಹೇಳಿದರೆ ಪ್ರಿಡಿಕ್ಟ್. ಎದುರು ಹೇಳಿದರೆ ಕಾಂಟ್ರಡಿಕ್ಟ್. ನಿಜ ಹೇಳುವುದು ವರ್ಡಿಕ್ಟ್, ಅಂದರೆ ತೀರ್ಪು. ಲಾಯರ್ ಆಗುವವಳಿಗೆ ಇದಕ್ಕಿಂತ ಒಳ್ಳೆಯ ಪದ ಬೇಕಾ?

ಆದರೆ ಒಂದೇ ಬೇರಿನ ಹಾಗೆ ಕೇಳಿಸುವುದನ್ನೆಲ್ಲ ನಂಬಬಾರದು. 'ಎನರ್ವೇಟ್' ಅಂತ ಒಂದು ಪದ ಇದೆ. ಕೇಳಿದರೆ ಎನರ್ಜಿ ನೆನಪಾಗುತ್ತದೆ, ಅಲ್ವಾ? ಅರ್ಥ ತಿರುಗುಮುರುಗು. ಶಕ್ತಿ ಹೀರಿ ಸುಸ್ತು ಮಾಡುವುದು. ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲು ಎನರ್ವೇಟಿಂಗ್ ಅಂತ ಬರೆದುಕೋ ಅಂದೆ. ಅವಳ ಅಜ್ಜಿ ಊರು ಅದು. ಇನ್ನು ಮರೆಯುವುದಿಲ್ಲ ಬಿಡಿ.

ಈಗ ನೋಟ್‌ಬುಕ್ಕಿನಲ್ಲಿ ಎಡಗಡೆ ಪದ ಇದೆ, ಬಲಗಡೆ ಪೇಪರಿನಿಂದ ಎತ್ತಿದ ಪೂರ್ತಿ ವಾಕ್ಯ. ದಿನಕ್ಕೆ ಐದೇ ಪದ. ಅವಳಮ್ಮನಿಗೆ ಇದು ಸ್ವಲ್ಪ ಕಡಿಮೆ ಆಯಿತು ಅಂತ ಬೇಜಾರು. ನನಗೇನೋ ಐದೂ ಜಾಸ್ತಿಯೇ ಅನ್ನಿಸುತ್ತದೆ.

ನಿನ್ನೆ ಸಂಜೆ ಮತ್ತೆ ಬಂದಿದ್ದಳು. ಡಿಕ್ಟ್ ಮನೆಯವರಲ್ಲಿ ಇನ್ನೊಬ್ಬ ಸಿಕ್ಕಿದ್ದಾನೆ ಸರ್, 'ಇಂಡಿಕ್ಟ್' ಅಂದಳು. ಆರೋಪ ಹೊರಿಸುವುದು ಅಂತ ಅರ್ಥವನ್ನೂ ಹೇಳಿದಳು. ಅರ್ಥ ಸರಿ, ಉಚ್ಚಾರ ತಪ್ಪು. ಕಾಗದದಲ್ಲಿ 'ಸಿ' ಅಕ್ಷರ ಇದೆ, ಬಾಯಲ್ಲಿ ಇಲ್ಲ. 'ಇಂಡೈಟ್' ಅನ್ನಬೇಕು. ಅವಳನ್ನು ತಿದ್ದಿದೆ, ನಿಜ. ಆದರೆ ನಾನೂ ಎಷ್ಟೋ ವರ್ಷ ಕ್ಲಾಸಿನಲ್ಲಿ ಇಂಡಿಕ್ಟ್ ಅಂತಲೇ ಪಾಠ ಮಾಡಿದ್ದೆ. ಒಂದು ರಾತ್ರಿ ಇದೇ ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಕೇಳುವಾಗ ಗೊತ್ತಾಯಿತು. ಅದನ್ನು ಅವಳಿಗೆ ಹೇಳಿಲ್ಲ. ಈಗ ಕೇಳಿಸಿಕೊಂಡಿರುತ್ತಾಳೆ.

ನಮಸ್ಕಾರ.