ಪಿನ್ ಕೂತರೆ ಸಾಲದು

ಕೇಳುಗರಿಗೆಲ್ಲ ನಮಸ್ಕಾರ.

ಗಂಗಾವತಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ಭತ್ತಕ್ಕೆ ಎಣ್ಣೆ ಹೊಡೆಯುವ ದಿನ ಬಂತೆಂದರೆ ಮೇಜಿನ ತುಂಬ ಬ್ಯಾಟರಿ ಸ್ಪ್ರೇಯರ್‌ಗಳೇ. ಹೋದ ಹಂಗಾಮಿನಲ್ಲಿ ಹಿರಿಯ ರೈತರೊಬ್ಬರು ತಂದ ಬ್ಯಾಟರಿಯ ನೀಲಿ ಪ್ಲಾಸ್ಟಿಕ್ ಹೊದಿಕೆ ಕರಗಿ ಸುಕ್ಕುಗಟ್ಟಿತ್ತು. ಮೂಗಿಗೆ ಸುಟ್ಟ ವಾಸನೆ. "ಚಾರ್ಜರ್ ಪಿನ್ ಬರೋಬ್ಬರಿ ಕೂತಿತ್ತಲ್ರೀ, ಮತ್ಯಾಕ ಹಿಂಗಾತು?" ಅಂದರು.

ಆದದ್ದು ಇಷ್ಟು. ಹಳೆಯ ಸೀಸದ ಬ್ಯಾಟರಿ ಹೋಯಿತೆಂದು ಲಿಥಿಯಂ ಹಾಕಿಸಿದ್ದರು. ಚಾರ್ಜರ್ ಮಾತ್ರ ಹಳೆಯದೇ. ಎರಡರ ಮೇಲೂ 12 ವೋಲ್ಟ್ ಅಂತಲೇ ಇತ್ತು. ಆದರೆ ಸೀಸದ ಬ್ಯಾಟರಿಯ ಚಾರ್ಜರ್ 14.4 ವೋಲ್ಟ್‌ವರೆಗೂ ಏರುತ್ತದೆ. ಮೂರು ಸೆಲ್ ಜೋಡಿಸಿದ ಆ ಲಿಥಿಯಂ ಬ್ಯಾಟರಿಗೆ 12.6ಕ್ಕೇ ಹೊಟ್ಟೆ ತುಂಬುತ್ತದೆ. ಚಾರ್ಜ್ ಹೆಚ್ಚಾಗದಂತೆ ಒಳಗೆ ಕಾವಲಿರುವ ಸಣ್ಣ ಬೋರ್ಡ್ ಕೈಕೊಟ್ಟಿತ್ತು. ಬೆಂಕಿ ಹತ್ತಲಿಲ್ಲ, ಪುಣ್ಯ. ಲಿಥಿಯಂನಲ್ಲೂ ಬೇರೆ ಜಾತಿಗಳಿವೆ. ಫಾಸ್ಫೇಟ್ ಸೆಲ್ ಒಂದಕ್ಕೆ 3.65 ವೋಲ್ಟ್ ಸಾಕು, ಮಾಮೂಲಿಯದಕ್ಕೆ 4.2 ಬೇಕು. ಅದಕ್ಕೇ ಬ್ಯಾಟರಿ ಬದಲಿಸುವಾಗ ಚಾರ್ಜರನ್ನೂ ಅಂಗಡಿಗೆ ತನ್ನಿ. ಅದರ ಮೇಲೆ 'ಔಟ್‌ಪುಟ್' ಅಂತ ಬರೆದಿರುವ ಅಂಕಿ ನೋಡಿಸಿ.

ನಮ್ಮ ಕಡೆ ಟಾರ್ಚಿಗೇ ಬ್ಯಾಟರಿ ಅನ್ನುತ್ತೇವೆ, ಒಳಗಿನದು ಸೆಲ್. ರಿಮೋಟ್, ಗಡಿಯಾರದ ಮಾಮೂಲಿ ಸೆಲ್‌ಗಳನ್ನು ಯಾವ ಚಾರ್ಜರಿಗೂ ಹಾಕಬೇಡಿ. ಸೋರುತ್ತವೆ, ಒಡೆಯಲೂಬಹುದು. ಚಾರ್ಜ್ ಆಗುವ ಪೆನ್ಸಿಲ್ ಸೆಲ್ ಮೇಲೆ 1.2 ವೋಲ್ಟ್, ನಿಕಲ್ ಮೆಟಲ್ ಹೈಡ್ರೈಡ್ ಅಂತ ಇರುತ್ತದೆ. ಅದಕ್ಕೆ ಅದರದೇ ಚಾರ್ಜರ್. 2000 ಮಿಲಿ ಆಂಪಿಯರ್ ಅವರ್‌ನಷ್ಟು ಚಾರ್ಜ್ ಹಿಡಿಯುವ ಸೆಲ್‌ಗೆ 200 ಮಿಲಿ ಆಂಪಿಯರ್ ಕರೆಂಟ್ ಕೊಡುವ ಚಾರ್ಜರ್ ಆದರೆ 14ರಿಂದ 16 ತಾಸು ಹಿಡಿಯುತ್ತದೆ. ತಾನಾಗಿ ನಿಲ್ಲುವ ಚಾರ್ಜರ್ ಸಿಕ್ಕರೆ ನಾಲ್ಕು ದುಡ್ಡು ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ.

ಎಮರ್ಜೆನ್ಸಿ ಲೈಟಿನಲ್ಲಿ ಹೆಚ್ಚಾಗಿ 4 ವೋಲ್ಟಿನ ಸೀಸದ ಬ್ಯಾಟರಿ. ಅದನ್ನು ಖಾಲಿ ಇಟ್ಟರೇ ಸಾಯುತ್ತದೆ. ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿ.

ಇನ್ನು ನಮ್ಮ ಬಿಸಿಲು. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೀರಿದ ಕಾವಿನಲ್ಲಿ ಚಾರ್ಜ್ ಮಾಡಬಾರದು. ಏಪ್ರಿಲ್, ಮೇ ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ ಅಷ್ಟು ಕಾವು ಸುಮ್ನೆ ಬರುತ್ತದೆ, ಅಲ್ವಾ? ಬೆಳಿಗ್ಗೆ ತಂಪಿನಲ್ಲಿ, ಯಾರಾದರೂ ಎಚ್ಚರ ಇರುವಾಗ ಹಾಕಿ. ಹಾಸಿಗೆ ಮೇಲೆ, ಹುಲ್ಲಿನ ಪಕ್ಕ ಬೇಡವೇ ಬೇಡ.

ಆ ರೈತರಿಗೆ ಬೇರೆ ಲಿಥಿಯಂ ಬ್ಯಾಟರಿ, ಅದಕ್ಕೆ 12.6 ವೋಲ್ಟಿನ ಚಾರ್ಜರ್ ಕೊಟ್ಟೆ. ಹಳೆಯ ಚಾರ್ಜರ್ ಮಗನ ಸೀಸದ ಬ್ಯಾಟರಿಯ ಸ್ಪ್ರೇಯರಿಗೆ ಬೇಕಿತ್ತು. ಎರಡರ ಪಿನ್ನೂ ಒಂದೇ ಥರ. ಹೊಸ ಚಾರ್ಜರಿನ ವೈರಿಗೆ ಒಂದು ಕೆಂಪು ದಾರ ಕಟ್ಟಿದೆ, ಲಿಥಿಯಂ ಬ್ಯಾಟರಿಗೂ ಅದೇ ದಾರ.

ನಮಸ್ಕಾರ.