ಬೇಯಿಸಿದ ಗೋಧಿ, ಎರಡು ಉರುಳೆ, ಒಂದು ಸುಪ್ರೀಂ ಕೋರ್ಟ್ ತೀರ್ಪು: ಶ್ರೆಡೆಡ್ ವೀಟ್ ಯಾರದ್ದು?

[ಪರದೆಯ ಮೇಲೆ: ದಿಂಬಿನ ಆಕಾರದ ಗೋಧಿ ಬಿಸ್ಕತ್ತು, ತುಂಬಾ ಹತ್ತಿರದಿಂದ]

ನಮಸ್ಕಾರ. ಇವತ್ತಿನದು ನಮ್ಮ ವೀಕ್ಷಕರೊಬ್ಬರ ಪ್ರಶ್ನೆ. ಡಬ್ಬಿ ಮೇಲೆ "ಇಡೀ ಗೋಧಿ" ಅಂತ ಬರೆದಿರುತ್ತಾರೆ. ಒಳಗೆ ನೋಡಿದರೆ ಚಕ್ಕೆ, ಉಂಗುರ, ಎಳೆ, ಏನೇನೋ ಆಕಾರ. ಕಾಳನ್ನು ಹಿಟ್ಟು ಮಾಡದೆ, ಹೊಟ್ಟು ತೆಗೆಯದೆ, ಏನೂ ಸೇರಿಸದೆ ಹೀಗೆ ತಿಂಡಿ ಮಾಡೋದು ಸಾಧ್ಯವಾ ಅಂತ ಅವರು ಕೇಳಿದ್ದಾರೆ.

ಸಾಧ್ಯ. 130 ವರ್ಷಗಳ ಹಿಂದೆಯೇ ಅಮೆರಿಕದಲ್ಲಿ ಒಬ್ಬ ವಕೀಲ ಮಾಡಿ ತೋರಿಸಿದ್ದಾನೆ. ಅವನ ಹೆಸರು ಹೆನ್ರಿ ಪರ್ಕಿ. ತಿಂಡಿಯ ಹೆಸರು ಶ್ರೆಡೆಡ್ ವೀಟ್.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಈ ಕಂಪನಿಯ ಚರಿತ್ರೆ ಓದುತ್ತಾ ಹೋದ ಹಾಗೆ ಇನ್ನೊಂದು ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಯಂತ್ರ ಕಂಡುಹಿಡಿದವರು, ಆ ಯಂತ್ರದಿಂದ ಹೊರಬರುವ ತಿಂಡಿಯ ಹೆಸರು, ಆಕಾರ ಎರಡನ್ನೂ ಕಾಯಂ ಆಗಿ ತಮ್ಮದು ಅನ್ನಬಹುದಾ? ಈ ಜಗಳ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಗಿದೆ. ಅದರ ಉತ್ತರ ಅಡಗಿರೋದು ಆ ಯಂತ್ರದ ಹೊಟ್ಟೆಯಲ್ಲಿ. ಹಾಗಾಗಿ ಇವತ್ತು ಯಂತ್ರವನ್ನು ಸ್ವಲ್ಪ ಜಾಸ್ತಿ ಹೊತ್ತು ನೋಡೋಣ.

ಮೊದಲು ಹಿನ್ನೆಲೆ, ಬೇಗ ಬೇಗ. ಗೋಧಿ ಕಾಳಿನಲ್ಲಿ ಮೂರು ಭಾಗ ಇವೆ. ಹೊರಗೆ ಹೊಟ್ಟು, ಒಳಗೆ ಬಿಳಿ ಪಿಷ್ಟ, ತುದಿಯಲ್ಲಿ ಮೊಳಕೆಯ ಭಾಗ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದಲ್ಲಿ ಬೀಸುವ ಕಲ್ಲುಗಳು ಹೋಗಿ ಉರುಳೆಯ ಗಿರಣಿಗಳು ಬಂದವು. ಹೊಟ್ಟು ಮತ್ತು ಮೊಳಕೆಯನ್ನು ಬೇರೆ ಮಾಡೋದು ಸುಲಭವಾಯಿತು. ಬಿಳಿ ಹಿಟ್ಟು ಅಗ್ಗವಾಯಿತು, ಬ್ರೆಡ್ ಬೆಳ್ಳಗಾಯಿತು. ಇದನ್ನು ವಿರೋಧಿಸುವವರೂ ಇದ್ದರು. ಸಿಲ್ವೆಸ್ಟರ್ ಗ್ರಹಾಂ ಎಂಬ ಪಾದ್ರಿ 1830ರ ದಶಕದಲ್ಲೇ ಊರೂರು ತಿರುಗಿ, ಹೊಟ್ಟು ಸೇರಿದ ಹಿಟ್ಟಿನ ಬ್ರೆಡ್ ತಿನ್ನಿ ಅಂತ ಭಾಷಣ ಮಾಡಿದ್ದ. ಪರ್ಕಿ ಆ ಸಾಲಿನಲ್ಲಿ ತಡವಾಗಿ ಬಂದವನು.

ಅವನು ಹುಟ್ಟಿದ್ದು 1843ರಲ್ಲಿ, ಒಹಾಯೋದಲ್ಲಿ. ನೆಬ್ರಾಸ್ಕಾದಲ್ಲಿ ವಕೀಲಿಕೆ ಮಾಡಿದ, ಅಲ್ಲಿನ ರಾಜ್ಯ ಸೆನೆಟ್‌ನಲ್ಲಿ ಕೂತ. ಆಮೇಲೆ ಡೆನ್ವರ್‌ಗೆ ಹೋದ. ಉಕ್ಕಿನ ರೈಲು ಬೋಗಿ ಮಾಡುವ ಉದ್ಯಮಕ್ಕೂ ಕೈಹಾಕಿದ್ದ. ಇಷ್ಟೆಲ್ಲದರ ಮಧ್ಯೆ ಅವನಿಗೆ ಹೊಟ್ಟೆಯ ತೊಂದರೆ, ಅಜೀರ್ಣ. ನೆಬ್ರಾಸ್ಕಾದ ಒಂದು ಹೋಟೆಲ್‌ನಲ್ಲಿ ಇಂಥದೇ ತೊಂದರೆಯಿದ್ದ ಇನ್ನೊಬ್ಬ ಬೇಯಿಸಿದ ಗೋಧಿಗೆ ಕೆನೆ ಹಾಕಿಕೊಂಡು ತಿನ್ನೋದನ್ನು ಪರ್ಕಿ ನೋಡಿದ, ಅಲ್ಲಿಂದ ಈ ಯೋಚನೆ ಹುಟ್ಟಿತು ಅಂತ ಕಥೆ ಹೇಳುತ್ತಾರೆ.

ಬೇಯಿಸಿದ ಗೋಧಿಯಲ್ಲಿ ಒಂದು ತೊಂದರೆ ಇದೆ. ಹಸಿಯಾಗಿರುತ್ತದೆ, ಬೇಗ ಹಳಸುತ್ತದೆ, ಅಗಿಯೋದೂ ಕಷ್ಟ. ಡಬ್ಬಿಗೆ ತುಂಬಿ ಮಾರಲು ಆಗೋದಿಲ್ಲ. ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್ ಊರಿನಲ್ಲಿ ವಿಲಿಯಂ ಫೋರ್ಡ್ ಎಂಬ ಯಂತ್ರ ಕುಶಲಿ ಇದ್ದ. ಪರ್ಕಿ ಅವನ ಜೊತೆ ಕೂತು ಒಂದು ಯಂತ್ರ ಮಾಡಿದ. 1893ರ ಆಗಸ್ಟ್ 1ರಂದು ಇಬ್ಬರ ಹೆಸರಿನಲ್ಲೂ ಪೇಟೆಂಟ್ ಬಂತು.

[ಪರದೆಯ ಮೇಲೆ: ಎರಡು ಉರುಳೆಗಳ ಸರಳ ಚಿತ್ರ, ಒಂದು ನುಣುಪು, ಒಂದರ ಮೇಲೆ ಗೀರುಗಳು]

ಈಗ ಯಂತ್ರ. ನಮ್ಮ ಮಲೆನಾಡಿನ ಮನೆಗಳಲ್ಲಿ ಒತ್ತು ಶಾವಿಗೆ ಮಾಡೋದನ್ನು ನೋಡಿದ್ದೀರಾ? ಅಕ್ಕಿ ನೆನೆಸಿ, ರುಬ್ಬಿ, ಆ ಹಿಟ್ಟನ್ನು ಕಾಯಿಸಿ ಗಟ್ಟಿ ಮಾಡುತ್ತಾರೆ. ಉಂಡೆ ಕಟ್ಟಿ ಬೇಯಿಸುತ್ತಾರೆ. ಬಿಸಿ ಇರುವಾಗಲೇ ಶಾವಿಗೆ ಒರಳಿಗೆ ಹಾಕಿ ಒತ್ತುತ್ತಾರೆ. ಗಮನಿಸಿ, ಮೊದಲು ಬೇಯಿಸೋದು, ಆಮೇಲೆ ಒತ್ತೋದು. ಬೆಂದ ಪಿಷ್ಟ ಅಂಟಾಗಿ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ, ಅದಕ್ಕೇ ಎಳೆ ಕಡಿಯದೆ ಉದ್ದಕ್ಕೆ ಬರುತ್ತದೆ. ಬೇಯಿಸದ ಅಕ್ಕಿ ಹಿಟ್ಟನ್ನು ಸುಮ್ನೆ ಕಲಸಿ ಒತ್ತಿದರೆ ಎಳೆ ತುಂಡು ತುಂಡಾಗುತ್ತದೆ.

ಪರ್ಕಿ ಮತ್ತು ಫೋರ್ಡ್ ಹಿಡಿದಿದ್ದೂ ಇದೇ ದಾರಿ. ಆದರೆ ಅವರು ರುಬ್ಬುವ ಹಂತವನ್ನೇ ಬಿಟ್ಟುಬಿಟ್ಟರು! ಇಡೀ ಕಾಳನ್ನೇ ತೊಳೆದು, ಒಳಗಿನ ತನಕ ಮೆತ್ತಗಾಗುವಂತೆ ನೀರಿನಲ್ಲಿ ಬೇಯಿಸಿದರು. ಬೆಂದ ಕಾಳಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತದೆ. ಆಮೇಲೆ ಅದನ್ನು ಗಂಟೆಗಟ್ಟಲೆ ಹಾಗೇ ಬಿಡಬೇಕು. ಈ ಹೊತ್ತಿನಲ್ಲಿ ಕಾಳಿನ ಹೊರಗಿನ ತೇವ ಒಳಗೂ ಸಮನಾಗಿ ಹರಡುತ್ತದೆ, ಪಿಷ್ಟ ಸ್ವಲ್ಪ ಬಿಗಿಯಾಗುತ್ತದೆ. ಈ ವಿಶ್ರಾಂತಿ ತಪ್ಪಿಸಿದರೆ ಎಳೆ ಅಂಟಂಟಾಗಿ ಉರುಳೆಗೇ ಮೆತ್ತಿಕೊಳ್ಳುತ್ತದೆ.

ಆಮೇಲೆ ಕಾಳು ಎರಡು ಉರುಳೆಗಳ ನಡುವೆ ಬೀಳುತ್ತದೆ. ಒಂದು ಉರುಳೆ ನುಣುಪು. ಇನ್ನೊಂದರ ಮೈ ಸುತ್ತ ಸಣ್ಣ ಸಣ್ಣ ಗೀರು. ಬೆಂದ ಕಾಳು ಒತ್ತಡಕ್ಕೆ ಸಿಕ್ಕಿ ಆ ಗೀರುಗಳೊಳಗೆ ಹೋಗಿ ಕೂರುತ್ತದೆ. ಕೆಳಗೆ ಬಾಚಣಿಗೆಯಂಥ ಹಲ್ಲುಗಳು ಅದನ್ನು ಎಬ್ಬಿಸಿ ತೆಗೆಯುತ್ತವೆ. ಬರೋದು ನೂಲಿನಂಥ ಎಳೆಗಳು. ಹೊಟ್ಟು ಆ ಎಳೆಯಲ್ಲೇ ಇದೆ, ಮೊಳಕೆಯೂ ಅಲ್ಲೇ ಇದೆ. ಉಪ್ಪಿಲ್ಲ, ಸಕ್ಕರೆ ಇಲ್ಲ, ಎಣ್ಣೆ ಇಲ್ಲ. ಗೋಧಿ ಮತ್ತು ನೀರು, ನೀರೂ ಕೊನೆಗೆ ಒಲೆಯಲ್ಲಿ ಹೋಗಿಬಿಡುತ್ತದೆ. ನನಗಂತೂ ಇದು ಆಹಾರ ತಂತ್ರಜ್ಞಾನದಲ್ಲೇ ತುಂಬಾ ಚೆಂದದ ಯೋಚನೆಗಳಲ್ಲಿ ಒಂದು ಅನಿಸುತ್ತದೆ. ಕಾಳಿನಿಂದ ಏನನ್ನೂ ಕಿತ್ತುಕೊಳ್ಳದೆ, ಕಾಳಿಗೆ ಏನನ್ನೂ ಸೇರಿಸದೆ, ಬರೀ ರೂಪ ಬದಲಿಸಿ ಅದನ್ನು ತಿಂಗಳುಗಟ್ಟಲೆ ಕೆಡದ ಹಾಗೆ ಮಾಡಿದ್ದಾರೆ.

ಇನ್ನೊಂದು ಹೆಜ್ಜೆ ಇದೆ. ಇದನ್ನು ನೆನಪಿಟ್ಟುಕೊಳ್ಳಿ, ಕೋರ್ಟ್ ವಿಷಯಕ್ಕೆ ಬೇಕಾಗುತ್ತದೆ. ಕಾರ್ಖಾನೆಯಲ್ಲಿ ಇಂಥ ಉರುಳೆ ಜೋಡಿಗಳು ಸಾಲಾಗಿ ಇರುತ್ತವೆ. ಕೆಳಗೆ ಪಟ್ಟಿ ಓಡುತ್ತಿರುತ್ತದೆ. ಒಂದೊಂದು ಜೋಡಿಯಿಂದ ಒಂದೊಂದು ಪದರ ಎಳೆ ಅದರ ಮೇಲೆ ಬೀಳುತ್ತದೆ. ಪದರದ ಮೇಲೆ ಪದರ ಸೇರಿ ದಪ್ಪವಾದ ಮೇಲೆ ಮೊಂಡು ಅಂಚಿನ ಕತ್ತಿ ಬಂದು ಒತ್ತಿ ಕತ್ತರಿಸುತ್ತದೆ. ಕತ್ತಿ ಮೊಂಡಾಗಿರೋದರಿಂದ ಕತ್ತರಿಸುವಾಗಲೇ ತುದಿಯ ಎಳೆಗಳು ಒಂದಕ್ಕೊಂದು ಒತ್ತಿ ಅಂಟುತ್ತವೆ. ತುದಿಗಳು ತೆಳು, ನಡು ಉಬ್ಬು. ಅಂದರೆ ಆ ದಿಂಬಿನ ಆಕಾರವನ್ನು ಯಾರೂ ಅಂದಕ್ಕೆ ಅಂತ ಬರೆದಿದ್ದಲ್ಲ. ಮಾಡುವ ವಿಧಾನವೇ ಆ ಆಕಾರವನ್ನು ಕೊಡುತ್ತದೆ.

ಪರ್ಕಿಗೆ ತಿಂಡಿ ಮಾರುವ ಯೋಚನೆ ಮೊದಲಿಗೆ ಇರಲೇ ಇಲ್ಲ. ಅವನು ಯಂತ್ರ ಮಾರಬೇಕು ಅಂತಿದ್ದ. ಕಂಪನಿಯ ಹೆಸರೇ ಸೀರಿಯಲ್ ಮಷೀನ್ ಕಂಪನಿ. 1893ರಲ್ಲಿ ಷಿಕಾಗೋದಲ್ಲಿ ನಡೆದ ದೊಡ್ಡ ವಿಶ್ವ ಮೇಳದಲ್ಲೂ ಅದನ್ನು ತೋರಿಸಿದ. ಆದರೆ ಜನ ಯಂತ್ರಕ್ಕಿಂತ ಬಿಸ್ಕತ್ತನ್ನೇ ಜಾಸ್ತಿ ಇಷ್ಟಪಟ್ಟರು. ಸರಿ, ಡೆನ್ವರ್‌ನಲ್ಲಿ ಬೇಕರಿ ತೆರೆದ. ಆಮೇಲೆ ಬಾಸ್ಟನ್. 1895ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್. ಡೆನ್ವರ್‌ನಲ್ಲಿ ಇದ್ದಾಗ ಬ್ಯಾಟಲ್ ಕ್ರೀಕ್‌ನ ಆರೋಗ್ಯಧಾಮದ ಡಾಕ್ಟರ್ ಜಾನ್ ಹಾರ್ವಿ ಕೆಲಾಗ್ ಅವನನ್ನು ನೋಡಲು ಬಂದಿದ್ದರು. ಅವರೂ ಅವರ ತಮ್ಮ ವಿಲ್ ಕೀತ್ ಕೆಲಾಗ್ ಕೂಡ ಬೇಯಿಸಿದ ಗೋಧಿಯನ್ನು ಉರುಳೆಗೆ ಕೊಟ್ಟು ಚಕ್ಕೆ ಮಾಡಿದ್ದು ಇದೇ ಕಾಲದಲ್ಲಿ. ಆ ಚಕ್ಕೆಗೆ 1896ರಲ್ಲಿ ಪೇಟೆಂಟ್ ಸಿಕ್ಕಿತು. ಕೆಲಾಗ್ ಹೆಸರನ್ನೂ ಮನಸ್ಸಲ್ಲಿ ಇಟ್ಟುಕೊಳ್ಳಿ.

[ಪರದೆಯ ಮೇಲೆ: ನಯಾಗರ ಕಾರ್ಖಾನೆಯ ಹಳೆಯ ಅಂಚೆ ಕಾರ್ಡು]

1901ರಲ್ಲಿ ಪರ್ಕಿ ತನ್ನ ಕಾರ್ಖಾನೆಯನ್ನು ನಯಾಗರ ಜಲಪಾತದ ಊರಿಗೆ ತಂದ. ನೀರಿನಿಂದ ವಿದ್ಯುತ್ ಮಾಡುವ ದೊಡ್ಡ ಕೇಂದ್ರ ಅಲ್ಲಿ ಆಗಷ್ಟೇ ಶುರುವಾಗಿತ್ತು, 1896ರಲ್ಲಿ ಬಫೆಲೋ ನಗರಕ್ಕೆ ಕರೆಂಟು ಹೋಗಿತ್ತು. ಆ ಕಾಲದ ಕಾರ್ಖಾನೆ ಅಂದರೆ ಹೊಗೆ, ಮಸಿ, ಕತ್ತಲೆ. ಇವನು ಕಟ್ಟಿದ್ದು ಬೆಳಕು ತುಂಬಿದ, ಗೋಡೆ ತುಂಬಾ ಕಿಟಕಿಗಳಿರುವ ಕಟ್ಟಡ. ಜನ ಅದನ್ನು ಬೆಳಕಿನ ಅರಮನೆ ಅಂತಲೇ ಕರೆದರು. ಒಳಗೆ ಕೆಲಸಗಾರರಿಗೆ ಸ್ನಾನದ ಮನೆ, ಊಟದ ಮನೆ, ದೊಡ್ಡ ಸಭಾಂಗಣ. ಜಲಪಾತ ನೋಡಲು ಬಂದ ಪ್ರವಾಸಿಗರು ಕಾರ್ಖಾನೆಯನ್ನೂ ನೋಡಿಕೊಂಡು ಹೋಗುತ್ತಿದ್ದರು. ಡಬ್ಬಿಯ ಮೇಲೆ ನಯಾಗರದ ಚಿತ್ರವೇ ಬಂತು. ಇದರಲ್ಲಿ ಜಾಹೀರಾತು ಇತ್ತು, ನಿಜ. ಆದರೂ ತಿನ್ನುವ ವಸ್ತು ಹೇಗೆ ತಯಾರಾಗುತ್ತದೆ ಅಂತ ಬಾಗಿಲು ತೆರೆದು ತೋರಿಸಿದ್ದು ದೊಡ್ಡ ವಿಷಯ. ಇವತ್ತು ಎಷ್ಟು ಕಂಪನಿಗಳು ತೋರಿಸುತ್ತವೆ ಹೇಳಿ?

ಸಮಯ ಓಡುತ್ತಿದೆ, ಮುಂದಿನದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಅದೇ ಎಳೆಗಳನ್ನು ತೆಳುವಾಗಿ ಒತ್ತಿ ಬ್ರೆಡ್ಡಿನ ಬದಲು ತಿನ್ನುವಂಥ ಟ್ರಿಸ್ಕಿಟ್ ಮಾಡಿದರು, 1903ರಲ್ಲಿ. ಕರೆಂಟಿನಲ್ಲಿ ಸುಟ್ಟಿದ್ದು ಅಂತ ಅದರ ಜಾಹೀರಾತು. 1904ರಲ್ಲಿ ಜಲಪಾತದ ಆಚೆ ದಡದಲ್ಲಿ, ಕೆನಡಾದಲ್ಲೂ ಕಾರ್ಖಾನೆ ಬಂತು. ವೂಸ್ಟರ್‌ನಲ್ಲಿ ಹೆಣ್ಣುಮಕ್ಕಳಿಗೆ ಅಡುಗೆ, ಗೃಹವಿಜ್ಞಾನ ಕಲಿಸುವ ಶಾಲೆಯನ್ನೂ ಪರ್ಕಿ ಕೆಲವು ವರ್ಷ ನಡೆಸಿದ್ದ. 1906ರಲ್ಲಿ ತೀರಿಕೊಂಡ. 1912ರಲ್ಲಿ ಮುಖ್ಯ ಪೇಟೆಂಟಿನ ಅವಧಿ ಮುಗಿಯಿತು. ಕಂಪನಿಯನ್ನು 1928ರಲ್ಲಿ ನ್ಯಾಷನಲ್ ಬಿಸ್ಕೆಟ್ ಕಂಪನಿ ಕೊಂಡುಕೊಂಡಿತು. ಮುಂದೆ ನಬಿಸ್ಕೋ ಅಂತ ಹೆಸರಾದ ಕಂಪನಿ ಅದೇ.

ಈಗ ಜಗಳ. ವಿಲ್ ಕೀತ್ ಕಟ್ಟಿದ ಕೆಲಾಗ್ ಕಂಪನಿ 1920ರ ದಶಕದ ಕೊನೆಗೆ ದಿಂಬಿನ ಆಕಾರದ ಗೋಧಿ ಬಿಸ್ಕತ್ತನ್ನು ಅದೇ ಹೆಸರಿನಲ್ಲಿ ಮಾರಲು ಶುರು ಮಾಡಿತು. ನ್ಯಾಷನಲ್ ಬಿಸ್ಕೆಟ್ 1932ರಲ್ಲಿ ಕೋರ್ಟಿಗೆ ಹೋಯಿತು. ಅವರ ವಾದ ಸರಳವಾಗಿತ್ತು. ಹೆಸರು ನಮ್ಮದು, ಆಕಾರ ನಮ್ಮದು, ಇದನ್ನು ಜನಕ್ಕೆ ಪರಿಚಯ ಮಾಡಿದ್ದು ನಾವು. ಕೆಳಗಿನ ಕೋರ್ಟ್ ಕೆಲಾಗ್ ಪರ ಹೇಳಿತು. ಮೇಲ್ಮನವಿ ಕೋರ್ಟ್ ಅದನ್ನು ತಿರುಗಿಸಿತು. ಕೊನೆಗೆ 1938ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೆಲಾಗ್ ಪರವಾಗಿ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಲೂಯಿ ಬ್ರಾಂಡೈಸ್. ಇಬ್ಬರು ನ್ಯಾಯಮೂರ್ತಿಗಳು ಒಪ್ಪಲಿಲ್ಲ.

ತೀರ್ಪಿನ ತರ್ಕ ನೋಡಿ. ಶ್ರೆಡೆಡ್ ವೀಟ್ ಅನ್ನೋದು ಒಂದು ಕಂಪನಿಯ ಹೆಸರಲ್ಲ, ಆ ತಿಂಡಿಯನ್ನು ಜನ ಕರೆಯುವ ಹೆಸರು. 1908ರಲ್ಲೇ ಇನ್ನೊಂದು ಕೋರ್ಟ್ ಈ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ಒಪ್ಪಿರಲಿಲ್ಲ. ಪೇಟೆಂಟ್ ಮುಗಿದ ದಿನ ಮಾಡುವ ಹಕ್ಕು ಎಲ್ಲರಿಗೂ ಸಿಕ್ಕಿತು, ಅದರ ಜೊತೆಗೆ ಹೆಸರೂ ಎಲ್ಲರದ್ದಾಯಿತು. ಆಕಾರ? ಮೊಂಡು ಕತ್ತಿ ನೆನಪಿದೆ ಅಲ್ವಾ? ಆ ಯಂತ್ರಗಳು ಮಾಡೋದೇ ದಿಂಬಿನ ಆಕಾರ. ಬೇರೆ ಆಕಾರ ಮಾಡಿ ಅಂದರೆ ಖರ್ಚು ಏರುತ್ತದೆ, ಗುಣಮಟ್ಟ ಇಳಿಯುತ್ತದೆ ಅಂತ ಬ್ರಾಂಡೈಸ್ ಬರೆದರು. ಹಾಗಾಗಿ ಆಕಾರವೂ ಎಲ್ಲರದ್ದು. ಕೆಲಾಗ್ ಮೇಲೆ ಒಂದೇ ಹೊಣೆ ಇತ್ತು. ಇದು ಬೇರೆಯವರದ್ದು ಅಂತ ಗಿರಾಕಿಗೆ ಮೋಸವಾಗಬಾರದು. ಅವರ ಬಿಸ್ಕತ್ತು ಮೂಲದ ಮೂರನೇ ಎರಡರಷ್ಟು ಗಾತ್ರ ಇತ್ತು, ಡಬ್ಬಿಯೇ ಬೇರೆ ಇತ್ತು, ಮೇಲೆ ಕೆಲಾಗ್ ಹೆಸರೂ ಇತ್ತು. ಅಷ್ಟು ಸಾಕು ಅಂದಿತು ಕೋರ್ಟ್.

ನನ್ನ ಅಭಿಪ್ರಾಯ ಕೇಳಿದರೆ, ಇದು ಸರಿಯಾದ ತೀರ್ಪು. ಪೇಟೆಂಟ್ ಅನ್ನೋದು ಒಂದು ಒಪ್ಪಂದ. ಕೆಲವು ವರ್ಷ ನೀನೊಬ್ಬನೇ ಮಾಡಿಕೋ, ಆಮೇಲೆ ಎಲ್ಲರಿಗೂ ಬಿಟ್ಟುಕೊಡು. ಹೆಸರು, ಆಕಾರದ ನೆಪದಲ್ಲಿ ಆ ಅವಧಿಯನ್ನು ಹಿಂಬಾಗಿಲಿನಿಂದ ಎಳೆದುಕೊಂಡು ಹೋದರೆ ಒಪ್ಪಂದ ಮುರಿದ ಹಾಗೆ. ಬೇಯಿಸಿದ ಗೋಧಿಯನ್ನು ಎಳೆ ಮಾಡಿ ತಿನ್ನುವ ದಾರಿ ಒಂದೇ ಕಂಪನಿಯ ಕೈಯಲ್ಲಿ ಉಳಿಯದೆ ಹೋಗಿದ್ದು ತಿನ್ನುವವರಿಗೆ ಒಳ್ಳೆಯದೇ ಆಯಿತು. ಟ್ರೇಡ್‌ಮಾರ್ಕ್ ಕಾನೂನು ಓದುವವರು ಇವತ್ತಿಗೂ ಈ ಪ್ರಕರಣ ಓದುತ್ತಾರೆ.

ಇವತ್ತು ಏನಾಗಿದೆ ಅಂತ ಕೇಳಬಹುದು. ಅಮೆರಿಕದಲ್ಲಿ ನಬಿಸ್ಕೋದ ಸೀರಿಯಲ್ ವ್ಯವಹಾರ 1993ರಲ್ಲಿ ಪೋಸ್ಟ್ ಬ್ರಾಂಡ್ ಇಟ್ಟುಕೊಂಡಿದ್ದ ಕ್ರಾಫ್ಟ್ ಕೈಗೆ ಹೋಯಿತು, ಈಗ ಡಬ್ಬಿ ಮೇಲೆ ಪೋಸ್ಟ್ ಅಂತ ಇರುತ್ತದೆ. ಬ್ರಿಟನ್‌ನಲ್ಲಿ 1920ರ ದಶಕದಲ್ಲಿ ವೆಲ್ವಿನ್ ಗಾರ್ಡನ್ ಸಿಟಿಯಲ್ಲಿ ದೊಡ್ಡ ಬಿಳಿ ಕಣಜಗಳಿರುವ ಕಾರ್ಖಾನೆ ಕಟ್ಟಿದ್ದರು, ಅದು 2008ರಲ್ಲಿ ಮುಚ್ಚಿತು. ಅಲ್ಲಿ ಈಗ ಅದೇ ಹೆಸರಿನ ಬಿಸ್ಕತ್ತು ಮಾರೋದು ನೆಸ್ಲೆ. ಎರಡೂ ಕಡೆ ಸಾದಾ ಬಿಸ್ಕತ್ತಿನ ಮುಖ್ಯ ಪದಾರ್ಥ ಒಂದೇ: ಇಡೀ ಗೋಧಿ. ಸಕ್ಕರೆ ಸವರಿದವು, ಚಾಕೊಲೇಟ್ ತುಂಬಿದವು ಬೇರೆ ಇವೆ. ಕೊಳ್ಳುವಾಗ ಡಬ್ಬಿಯ ಹಿಂದೆ ಪದಾರ್ಥಗಳ ಸಾಲು ಓದಿಕೊಳ್ಳಿ.